ಘಟ್ಟದ ಮೋಡ, ಮಹಾಲಿಂಗಪುರದ ಪರದೆ

2019ರ ಆಗಸ್ಟ್ ಮೊದಲ ಪಕ್ಷದಲ್ಲಿ, ಆಶ್ಲೇಷ ಮಳೆಯ ಹೊತ್ತಿಗೆ, ಕೃಷ್ಣೆ ಮತ್ತು ಘಟಪ್ರಭೆ ಎರಡೂ ಒಮ್ಮೆಗೇ ಉಕ್ಕಿದವು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಮಹಾಲಿಂಗಪುರ ಈ ಎರಡು ಹೊಳೆಗಳ ನಡುವಿನ ಊರು, ಆದರೆ ಸೀಮೆ ಮಳೆನೆರಳಿನದು. ಢವಳೇಶ್ವರದ ಹತ್ತಿರ ಘಟಪ್ರಭೆ ದಂಡೆ ಮೀರಬೇಕಾದರೆ ಮಹಾಲಿಂಗಪುರದಲ್ಲಿ ಮಳೆ ಬೀಳಲೇಬೇಕೆಂದಿಲ್ಲ. ಮಹಾರಾಷ್ಟ್ರದ ಅಂಬೋಲಿ, ಚಂದಗಡ, ಆಜರಾ ಕಡೆ ಸುರಿದದ್ದು ಹಿರಣ್ಯಕೇಶಿ, ತಾಮ್ರಪರ್ಣಿಗಳಾಗಿ ಇಳಿದು, ಘಟಪ್ರಭೆಗೆ ಸೇರಿ, ಗೋಕಾಕ ದಾಟಿ ಇಲ್ಲಿಗೆ ಬರುತ್ತದೆ. ಆದ್ದರಿಂದ ಜೂನ್ ಕಳೆದ ಮೇಲೆ ಇಲ್ಲಿಯವರು ಮೊಬೈಲಿನಲ್ಲಿ ಉಪಗ್ರಹದ ಮೋಡಚಿತ್ರ ತೆರೆದರೆ ಕಣ್ಣು ಹೋಗಬೇಕಾದದ್ದು ಸುಮಾರು 130 ಕಿ.ಮೀ. ಆಚೆ, ಪಶ್ಚಿಮ-ನೈಋತ್ಯದ ಘಟ್ಟದ ಸಾಲಿಗೆ.

ಫೆಬ್ರುವರಿಯಿಂದ ಮೇ ತನಕದ ಲೆಕ್ಕ ಬೇರೆ. ಆಗ ಅರಿಸಿನ ಕುದಿಸಿ ಅಂಗಳದಲ್ಲಿ ಹರವಿರುತ್ತಾರೆ. ಗಾಣಗಳಲ್ಲಿ ಬೆಲ್ಲದ ಒಲೆಗೆ ಹಾಕುವ ಕಬ್ಬಿನ ಸಿಪ್ಪೆ ಬಿಸಿಲಿಗೆ ಬಿದ್ದಿರುತ್ತದೆ. ಸಂಜೆ ನಾಲ್ಕಕ್ಕೆ ಎದ್ದ ಒಂದು ಗುಡುಗುಮೋಡ ಆರರೊಳಗೆ ಎರಡನ್ನೂ ತೋಯಿಸಿಬಿಡಬಹುದು. ಆಗ ನೋಡಬೇಕಾದದ್ದು ನೆತ್ತಿಯ ಮೇಲಿನ ಮೋಡವನ್ನೇ, ಅದೂ ಕಾಲು ಗಂಟೆಗೊಮ್ಮೆ.

ಹೀಗೆ ಒಂದೇ ಊರಿಗೆ ಎರಡು ಬಗೆಯ ಮೋಡ, ಎರಡು ಬಗೆಯ ಅಗತ್ಯ. ಉಪಗ್ರಹದ ದತ್ತಾಂಶವನ್ನು ಚಿತ್ರವಾಗಿಸಿ ತೋರಿಸುವ ತಂತ್ರಾಂಶಗಳು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವಲ್ಲ. ಅವುಗಳಲ್ಲಿ ಬಹಳಷ್ಟರ ಬೇರು ಎಪ್ಪತ್ತು, ಎಂಬತ್ತರ ದಶಕದಲ್ಲಿದೆ. ಅಂಥ ತಂತ್ರಾಂಶವೊಂದು ಕೈಗೆ ಬಂದರೆ ಅದನ್ನು ಹೊಸದು ಮಾಡುವುದು ಹೇಗೆ? ಬಾಗಲಕೋಟೆ, ಬೆಳಗಾವಿ, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದು ಒಳ್ಳೆಯ ವಿಷಯ. ಹಣ ಹೆಚ್ಚು ಬೇಡ, ತಾಳ್ಮೆ ಬೇಕು.

ಮೇಲಿನಿಂದ ಬರುವುದು ಚಿತ್ರವಲ್ಲ

ಇನ್ಸಾಟ್-3ಡಿಆರ್ 2016ರ ಸೆಪ್ಟೆಂಬರ್ 8ರಂದು, ಇನ್ಸಾಟ್-3ಡಿಎಸ್ 2024ರ ಫೆಬ್ರುವರಿ 17ರಂದು ಶ್ರೀಹರಿಕೋಟಾದಿಂದ ಹಾರಿದವು. ಎರಡೂ ಸಮಭಾಜಕದ ನೆತ್ತಿಯಲ್ಲಿ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿಯ ವೇಗದಲ್ಲೇ ಸುತ್ತುತ್ತ, ನಮ್ಮ ಪಾಲಿಗೆ ನಿಂತಲ್ಲೇ ನಿಂತಂತೆ ಇವೆ. ಅವುಗಳನ್ನು ಆ ಜಾಗದಲ್ಲಿ ಹಿಡಿದಿಡುವ ಕೆಲಸ ನಡೆಯುವುದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ. ಉಪಗ್ರಹದ ಇಮೇಜರ್ ಎಂಬ ಉಪಕರಣ ಭೂಮಿಯ ಬಿಲ್ಲೆಯನ್ನು ಸಾಲು ಸಾಲಾಗಿ ತಡವುತ್ತ ಆರು ಬಗೆಯ ಬೆಳಕನ್ನು ಅಳೆಯುತ್ತದೆ. ಕಣ್ಣಿಗೆ ಕಾಣುವ ಬೆಳಕು ಒಂದು, ಉಳಿದ ಐದು ಕಣ್ಣಿಗೆ ಕಾಣದ ಅವಗೆಂಪು ಪಟ್ಟಿಗಳು. ಇಡೀ ಬಿಲ್ಲೆ ಮುಗಿಯಲು 26 ನಿಮಿಷದಷ್ಟು ಬೇಕು, ಹಾಗಾಗಿ ಅರ್ಧ ಗಂಟೆಗೊಂದು ಚಿತ್ರ. ಎರಡು ಉಪಗ್ರಹಗಳನ್ನು ಸರದಿಯಲ್ಲಿ ಓಡಿಸಿದರೆ ಕಾಲು ಗಂಟೆಗೊಂದು.

ಆದರೆ ಕೆಳಗೆ ಬರುವುದು ಸಂಖ್ಯೆಗಳು. ಪ್ರತಿ ಪಿಕ್ಸೆಲ್‌ಗೆ 0ರಿಂದ 1023ರ ನಡುವಿನ ಒಂದು ಕೌಂಟ್. ಶಾಖವನ್ನು ಅಳೆಯುವ ಅವಗೆಂಪು ಪಟ್ಟಿಯಲ್ಲಿ ಒಂದು ಪಿಕ್ಸೆಲ್ ಎಂದರೆ 4 ಕಿ.ಮೀ. ಉದ್ದ, 4 ಕಿ.ಮೀ. ಅಗಲ, ಅಂದರೆ ಸುಮಾರು 4,000 ಎಕರೆ. ಮಹಾಲಿಂಗಪುರ ಪಟ್ಟಣ, ಅದರ ಎಪಿಎಂಸಿ, ಸುತ್ತಲಿನ ಒಂದಷ್ಟು ಕಬ್ಬು, ಎಲ್ಲ ಸೇರಿ ಒಂದೋ ಎರಡೋ ಸಂಖ್ಯೆ. ಇದೂ ಪ್ರಗತಿಯೇ. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಕಾಲದಲ್ಲಿ ಅವಗೆಂಪು ಪಿಕ್ಸೆಲ್ 11 ಕಿ.ಮೀ. ಇತ್ತು, 30,000 ಎಕರೆಗೊಂದು ಸಂಖ್ಯೆ. 2002ರಲ್ಲಿ ಪಿಎಸ್‌ಎಲ್‌ವಿಯಲ್ಲಿ ಹಾರಿ, ಮರುವರ್ಷ ಕಲ್ಪನಾ ಚಾವ್ಲಾ ಅವರ ಹೆಸರು ಪಡೆದ ಕಲ್ಪನಾ-1ರಲ್ಲಿ ಅದು 8 ಕಿ.ಮೀ. ಇತ್ತು. ಕಾಣುವ ಬೆಳಕಿನ ಪಿಕ್ಸೆಲ್ ಈಗ 1 ಕಿ.ಮೀ., ಆದರೆ ಸೂರ್ಯ ಮುಳುಗಿದ ಮೇಲೆ ಆ ಪಟ್ಟಿ ಕಪ್ಪು.

ಈ ಸಂಖ್ಯೆಗಳು ಎಚ್‌ಡಿಎಫ್5 ಎಂಬ ಬಗೆಯ ಫೈಲಿನಲ್ಲಿ ಸಿಗುತ್ತವೆ. ಅಹಮದಾಬಾದಿನ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ ನಡೆಸುವ ಮೋಸ್ಡಾಕ್ ಭಂಡಾರದಲ್ಲಿ ಹೆಸರು ನೋಂದಾಯಿಸಿ ಪಡೆಯಬಹುದು. ಅಲ್ಲಿಂದ ಮುಂದೆ, ಸಂಖ್ಯೆ ಚಿತ್ರವಾಗುವ ದಾರಿಯಲ್ಲಿ, ತಂತ್ರಾಂಶದ ಕೆಲಸ ಶುರು.

ಎರಡು ಹಳೆಯ ತಂತ್ರಾಂಶಗಳ ಕಥೆ

ಈ ಕ್ಷೇತ್ರದ ಅಜ್ಜ ಎನ್ನಬಹುದಾದದ್ದು ಮ್ಯಾಕಿಡಾಸ್. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ವರ್ನರ್ ಸುವೋಮಿ ಅವರ ತಂಡ 1970ರ ದಶಕದ ಆರಂಭದಲ್ಲಿ ಕಟ್ಟಿದ್ದು. ಉಪಗ್ರಹ ತಿರುಗುತ್ತಿರುವಾಗಲೇ ಭೂಮಿಯನ್ನು ಸಾಲು ಸಾಲಾಗಿ ಚಿತ್ರಿಸುವ ಕ್ಯಾಮೆರಾದ ಕಲ್ಪನೆಯೂ ಅವರದ್ದೇ. 1966ರ ಡಿಸೆಂಬರಿನಲ್ಲಿ ಹಾರಿದ ಎಟಿಎಸ್-1ರಲ್ಲಿ ಅದು ಕೆಲಸ ಮಾಡಿತು. ಕ್ಯಾಮೆರಾ ಕೊಟ್ಟವರಿಗೆ ಅದರ ಚಿತ್ರ ನೋಡುವ ಯಂತ್ರವೂ ಬೇಕಾಯಿತು, ಅಷ್ಟೇ. ಮುಂದೆ ಯುನಿಕ್ಸ್ ಯಂತ್ರಗಳಿಗಾಗಿ ಸಿ ಮತ್ತು ಫೋರ್ಟ್ರಾನ್‌ನಲ್ಲಿ ಮ್ಯಾಕಿಡಾಸ್-ಎಕ್ಸ್ ಬಂತು, ಆಮೇಲೆ ಜಾವಾದಲ್ಲಿ ಮ್ಯಾಕಿಡಾಸ್-ವಿ.

ಈ ಎರಡನೆಯ ದಾಟುವಿಕೆಯನ್ನು ಗಮನಿಸಬೇಕು. ಎಕ್ಸ್‌ನ ಸಾಲು ಸಾಲು ಕೋಡನ್ನು ಜಾವಾಕ್ಕೆ ತಿರುಗಿಸುವ ಗೋಜಿಗೆ ಅವರು ಹೋಗಲಿಲ್ಲ. ವಿಸ್ಆಡ್ ಎಂಬ ಬೇರೆಯೇ ಬುನಾದಿಯ ಮೇಲೆ ಹೊಸ ಪರದೆ ಕಟ್ಟಿದರು. ಆದರೆ ಏರಿಯಾ ಎಂಬ ಹಳೆಯ ಬಗೆಯ ಚಿತ್ರದ ಫೈಲುಗಳನ್ನೂ, ಅವನ್ನು ಹಂಚುವ ಹಳೆಯ ಸರ್ವರ್ ಪದ್ಧತಿಯನ್ನೂ ಹಾಗೇ ಓದುವಂತೆ ಇಟ್ಟರು. ಹಳೆಯ ಎಕ್ಸ್ ಜತೆ ಮಾತಾಡುವ ಸೇತುವೆಯನ್ನೂ ಒಳಗೇ ಹಾಕಿದರು. ದತ್ತಾಂಶದ ಬಾಗಿಲು ಹಳೆಯದು, ಕಿಟಕಿ ಮಾತ್ರ ಹೊಸದು. ಜಾಣತನದ ದಾರಿ. ಅದಕ್ಕೂ ಒಂದು ಪೆಟ್ಟು ಬಿತ್ತೆನ್ನಿ. ವಿಸ್ಆಡ್ ನೆಚ್ಚಿಕೊಂಡಿದ್ದ ಜಾವಾ 3ಡಿ ಎಂಬ ಭಾಗವನ್ನು ಅದರ ತಯಾರಕರೇ ಮುಂದುವರಿಸದೆ ಬಿಟ್ಟರು. ಹೊಸದೆಂದು ತಂದದ್ದರೊಳಗೂ ಯಾವುದೋ ಒಂದು ತುಂಡು ಬೇಗ ಹಳೆಯದಾಗುತ್ತದೆ. ಆ ತುಂಡನ್ನು ಬಿಚ್ಚಿ ಬದಲಿಸಲು ಬರುವಂತೆ ಕಟ್ಟಿದ್ದೇವೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಎರಡನೆಯದು ಡಬ್ಲ್ಯುಎಕ್ಸ್‌ಟುಇಮೇಜ್. ಅಮೆರಿಕದ ನೋವಾ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುತ್ತ 137 ಮೆಗಾಹರ್ಟ್ಸ್‌ನಲ್ಲಿ ಚಿತ್ರವನ್ನು ರೇಡಿಯೊ ಧ್ವನಿಯಾಗಿ ಬಿತ್ತರಿಸುತ್ತಿದ್ದವು. ಸೆಕೆಂಡಿಗೆ ಎರಡು ಸಾಲು, ಸಾಲಿಗೆ 2080 ಪಿಕ್ಸೆಲ್. ಒಂದು ಆಂಟೆನಾ, ಒಂದು ಅಗ್ಗದ ಯುಎಸ್‌ಬಿ ರಿಸೀವರ್ ಇದ್ದರೆ ಮಾಳಿಗೆಯ ಮೇಲೆ ನಿಂತೇ ಹಿಡಿಯಬಹುದಿತ್ತು. ಜಗತ್ತಿನ ಹವ್ಯಾಸಿಗಳಲ್ಲಿ ಬಹುಪಾಲು ಜನ ಆ ಧ್ವನಿಯನ್ನು ಚಿತ್ರವಾಗಿಸಲು ಬಳಸುತ್ತಿದ್ದದ್ದು ಈ ತಂತ್ರಾಂಶವನ್ನೇ. ಅದರ ಮೂಲ ಕೋಡ್ ಬಹಿರಂಗವಿರಲಿಲ್ಲ. ತಯಾರಕರು ಕೈಬಿಟ್ಟರು, ಜಾಲತಾಣ ಮುಚ್ಚಿತು, ದೋಷ ಸರಿಪಡಿಸುವವರೇ ಇಲ್ಲವಾದರು. ಬಳಕೆದಾರರು ಹಳೆಯ ಪ್ರತಿಗಳನ್ನು ಹುಡುಕಿ ಜೀವ ಹಿಡಿಸಿಟ್ಟರೂ ಒಳಗೆ ಕೈಹಾಕಲು ಯಾರಿಗೂ ಆಗಲಿಲ್ಲ. ಕೊನೆಗೆ 2025ರ ಆಗಸ್ಟ್‌ನಲ್ಲಿ ನೋವಾ-19, ನೋವಾ-15 ಎರಡೂ ಸೇವೆ ಮುಗಿಸಿದವು, ಆ ಧ್ವನಿಯೇ ನಿಂತಿತು. ಈಗ ರಷ್ಯದ ಮೀಟಿಯರ್-ಎಂ ಉಪಗ್ರಹಗಳು ಅದೇ 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಡಿಜಿಟಲ್ ಸಂಕೇತ ಕಳಿಸುತ್ತವೆ. ಸ್ಯಾಟ್‌ಡಂಪ್ ಎಂಬ ಬಹಿರಂಗ ಕೋಡಿನ ತಂತ್ರಾಂಶ ಅದನ್ನು ಓದುತ್ತದೆ. ಹಳೆಯ ಆಂಟೆನಾ ಎಸೆಯಬೇಕಾಗಿಲ್ಲ. ಸಂಕೇತ ಬದಲಾಗಿದೆ, ಅಲೆಯ ಉದ್ದ ಹೆಚ್ಚುಕಡಿಮೆ ಅದೇ.

ಮೊದಲ ಕೆಲಸ: ಏನೂ ಬದಲಿಸದಿರುವುದು

ಹಳೆಯ ತಂತ್ರಾಂಶ ಸಿಕ್ಕ ದಿನವೇ ಎಡಿಟರ್ ತೆರೆಯುವ ಆತುರ ಹುಡುಗರಿಗೆ ಸಹಜ. ಬೇಡ. ಮೊದಲು ಹಳೆಯದನ್ನು ಹಳೆಯ ಯಂತ್ರದಲ್ಲೇ ಓಡಿಸಿ, ಕೆಲವು ದಿನಗಳ ಫೈಲುಗಳನ್ನು ಕೊಟ್ಟು, ಅದು ಕೊಡುವ ಉತ್ತರವನ್ನು ಭದ್ರವಾಗಿ ತೆಗೆದಿಡಿ. ದಿನಗಳ ಆಯ್ಕೆಯಲ್ಲಿ ಜಾಣತನ ಬೇಕು. ಮೋಡವೇ ಇಲ್ಲದ ಡಿಸೆಂಬರಿನ ಮಧ್ಯಾಹ್ನ ಒಂದು, ಗುಡುಗು ಎದ್ದ ಏಪ್ರಿಲ್ ಸಂಜೆ ಒಂದು, ಘಟ್ಟದಲ್ಲಿ ಮಳೆ ಹಿಡಿದ ಆಗಸ್ಟ್ ರಾತ್ರಿ ಒಂದು, ಅರ್ಧಕ್ಕೇ ತುಂಡಾದ ಕೆಟ್ಟ ಫೈಲೊಂದು. ತೆಗೆದಿಡುವುದು ಚಿತ್ರವನ್ನಷ್ಟೇ ಅಲ್ಲ, ಮಧ್ಯದ ಹಂತದಲ್ಲಿ ಅದು ಲೆಕ್ಕ ಹಾಕಿದ ತಾಪಮಾನದ ಸಂಖ್ಯೆಗಳನ್ನೂ. ಮುಂದೆ ಹೊಸ ತಂತ್ರಾಂಶದ ಉತ್ತರವನ್ನು ಇದರಿಂದ ಕಳೆದು ನೋಡುವುದೇ ಪರೀಕ್ಷೆ.

ಕಳೆದಾಗ ಉಳಿಯುವ ವ್ಯತ್ಯಾಸದ ಆಕಾರ ಬಹಳ ಮಾತಾಡುತ್ತದೆ. ಎಲ್ಲ ಕಡೆ ಒಂದೇ ಅಳತೆಯ ವ್ಯತ್ಯಾಸವಿದ್ದರೆ ತಾಪಮಾನದ ಲೆಕ್ಕದಲ್ಲಿ ತಪ್ಪಿದೆ. ಮೋಡದ ಅಂಚುಗಳಲ್ಲಿ ಮಾತ್ರ ಗೆರೆ ಎಳೆದಂತೆ ಕಂಡರೆ ಚಿತ್ರ ಒಂದಿಷ್ಟು ಸರಿದಿದೆ. ಬಹಳ ಸಲ ಅದು ಅರ್ಧ ಪಿಕ್ಸೆಲ್, ಅಂದರೆ 2 ಕಿ.ಮೀ. ಹಳೆಯ ಕೋಡ್ ಪಿಕ್ಸೆಲ್‌ನ ಮೂಲೆಯಿಂದ ಅಳೆಯುತ್ತಿತ್ತು, ಹೊಸದು ನಡುವಿನಿಂದ ಅಳೆಯುತ್ತದೆ, ಯಾರೂ ಎಲ್ಲೂ ಬರೆದಿಟ್ಟಿರುವುದಿಲ್ಲ. ಇಡೀ ಚಿತ್ರ ಉಪ್ಪು-ಮೆಣಸು ಎರಚಿದಂತಿದ್ದರೆ ಬೈಟುಗಳ ಕ್ರಮ ತಿರುಗಾಮುರುಗಾ ಆಗಿದೆ.

ಈ ಬೈಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 300 ಎಂಬ ಸಂಖ್ಯೆಯನ್ನು ಎರಡು ಬೈಟುಗಳಲ್ಲಿ ಬರೆದರೆ ಒಂದರಲ್ಲಿ 1, ಇನ್ನೊಂದರಲ್ಲಿ 44 ಇರುತ್ತದೆ: 1ನ್ನು 256ರಿಂದ ಗುಣಿಸಿ 44 ಕೂಡಿಸಿದರೆ 300. ಹಿಂದಿನ ಸನ್, ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳು ದೊಡ್ಡ ಬೈಟನ್ನು ಮೊದಲು ಬರೆಯುತ್ತಿದ್ದವು. ಇಂದಿನ ಇಂಟೆಲ್ ಯಂತ್ರಗಳು ಚಿಕ್ಕದನ್ನು ಮೊದಲು ಓದುತ್ತವೆ. ಹೇಳದೆ ಓದಿಸಿದರೆ 300 ಎಂಬುದು 11,265 ಆಗುತ್ತದೆ. ಹೊಸ ಎಚ್‌ಡಿಎಫ್5 ಫೈಲು ತನ್ನ ಕ್ರಮವನ್ನು ತಾನೇ ಹೇಳಿಕೊಳ್ಳುತ್ತದೆ. ಹಳೆಯ ಫೈಲುಗಳಿಗೆ ಬಾಯಿಲ್ಲ.

ದಿನಾಂಕದ ಬಲೆ ಇನ್ನೂ ಸ್ವಾರಸ್ಯಕರ. ಮ್ಯಾಕಿಡಾಸ್‌ನ ಏರಿಯಾ ಫೈಲಿನಲ್ಲಿ ದಿನಾಂಕ 119220 ಎಂದು ಇದ್ದರೆ ಏನರ್ಥ? ಕೊನೆಯ ಮೂರು ಅಂಕಿ ವರ್ಷದ 220ನೆಯ ದಿನ. ಮುಂದಿನ 119 ಎಂದರೆ 1900ಕ್ಕೆ 119 ಕೂಡಿಸಿ 2019. ಒಟ್ಟು, 2019ರ ಆಗಸ್ಟ್ 8. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯುತ್ತಿದ್ದ ಕಾಲದ ಪದ್ಧತಿಗೆ 2000ದ ಹೊಸ್ತಿಲಲ್ಲಿ ಹೊಲಿದ ತೇಪೆ ಅದು. ಗೊತ್ತಿಲ್ಲದವರು ಮೊದಲೆರಡು ಅಂಕಿಯನ್ನು ಇಸವಿ ಎಂದುಕೊಂಡರೆ ಕಥೆ ಮುಗಿಯಿತು. ಜತೆಗೆ ವೇಳೆಯದ್ದೊಂದು. ಫೈಲಿನ ಮೇಲಿರುವುದು ಗ್ರೀನಿಚ್ ವೇಳೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಹಳೆಯ ತಂತ್ರಾಂಶಗಳಲ್ಲಿ ಈ ಐದೂವರೆಯನ್ನು ಒಂದು ಕಡೆ ಕೂಡಿಸಿ, ಇನ್ನೊಂದು ಕಡೆ ಮರೆತು, ಮೂರನೆಯ ಕಡೆ ಎರಡು ಸಲ ಕೂಡಿಸಿರುವುದುಂಟು. ಒಳಗೆಲ್ಲ ಗ್ರೀನಿಚ್ ವೇಳೆಯನ್ನೇ ಇಟ್ಟು, ಜನರ ಕಣ್ಣಿಗೆ ಬೀಳುವ ಕೊನೆಯ ಸಾಲಿನಲ್ಲಿ ಮಾತ್ರ ಭಾರತೀಯ ವೇಳೆಗೆ ತಿರುಗಿಸಿ. ಅಲ್ಲಿ ತೋರುವುದು ಸ್ಕ್ಯಾನ್ ಶುರುವಾದ ಹೊತ್ತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. 11:30ರ ಚಿತ್ರ ಎಂದರೆ ನಮ್ಮ ಭಾಗವನ್ನು ಅದು ತಡವಿದ್ದು ಕೆಲವು ನಿಮಿಷ ಕಳೆದು.

ಕೌಂಟ್, ತಾಪಮಾನ, ಜಾಗ

1023ರೊಳಗಿನ ಕೌಂಟ್ ತಾಪಮಾನವಾಗುವುದು ಒಂದು ಕೋಷ್ಟಕದ ಮೂಲಕ. ಅಡತಿ ಅಂಗಡಿಯ ಗಾದಿಯ ಪಕ್ಕದಲ್ಲಿ ಇಡುತ್ತಿದ್ದ ರೆಡಿ ರೆಕನರ್ ಪುಸ್ತಕದ ಹಾಗೆ, ಗುಣಾಕಾರ ಮಾಡುವ ಬದಲು ಸಾಲು ಹುಡುಕಿ ಉತ್ತರ ಓದುವುದು. ಇನ್ಸಾಟ್-3ಡಿ ಸರಣಿಯ ಫೈಲುಗಳಲ್ಲಿ ಈ ಕೋಷ್ಟಕ ಫೈಲಿನೊಳಗೇ ಇರುತ್ತದೆ. ಹಳೆಯ ತಂತ್ರಾಂಶಗಳಲ್ಲಿ ಅದನ್ನು ಕೋಡಿನ ಒಳಗೇ ಕೆತ್ತಿಟ್ಟಿರುತ್ತಾರೆ, ಅದೂ ಹಿಂದಿನ ಯಾವುದೋ ಉಪಗ್ರಹದ್ದು. ಆ ಕೆತ್ತನೆಯನ್ನು ಹುಡುಕಿ ತೆಗೆಯುವುದೇ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಬೆಲೆಯ ದುರಸ್ತಿ.

ಮತ್ತೊಂದು ಹಳೆಯ ರೂಢಿ, ಕೌಂಟನ್ನು ಓದಿದ ಕೂಡಲೇ 256 ಮೆಟ್ಟಿಲಿಗೆ ಇಳಿಸುವುದು. ಅಂದಿನ ಪರದೆಗಳು ಅಷ್ಟನ್ನೇ ತೋರಿಸುತ್ತಿದ್ದವು, ಮೆಮೊರಿಯೂ ದುಬಾರಿ. ಈಗ ಆ ಬಡತನವಿಲ್ಲ. ನಾಲ್ಕು ಕೌಂಟುಗಳನ್ನು ಒಂದಾಗಿ ಅಮುಕಿದರೆ ಮೋಡದ ನೆತ್ತಿಯ ಸೂಕ್ಷ್ಮ ಏರಿಳಿತ ಅಳಿಸಿಹೋಗುತ್ತದೆ. ಬಣ್ಣ ಹಚ್ಚುವ ಕೊನೆಯ ಗಳಿಗೆಯ ತನಕ ಪೂರ್ತಿ ಸಂಖ್ಯೆಯನ್ನೇ ಹೊತ್ತು ತನ್ನಿ.

ಇನ್ನು ಜಾಗ. ಉಪಗ್ರಹ ಯಾವ ರೇಖಾಂಶದಲ್ಲಿದೆ ಎಂಬುದನ್ನು ಕೋಡಿನಲ್ಲಿ ಕೆತ್ತಿದ್ದರೆ 74 ಡಿಗ್ರಿಯದ್ದಕ್ಕೆ 82 ಡಿಗ್ರಿಯದ್ದರ ಫೈಲು ಕೊಟ್ಟಾಗ ಕರ್ನಾಟಕ ಅರಬ್ಬಿ ಸಮುದ್ರದಲ್ಲೋ ಬಂಗಾಳ ಕೊಲ್ಲಿಯಲ್ಲೋ ಹೋಗಿ ಬೀಳುತ್ತದೆ. ಅದು ಕಣ್ಣಿಗೆ ಹೊಡೆಯುವ ತಪ್ಪು, ಹಾಗಾಗಿ ಅಪಾಯವಿಲ್ಲ. ಅಪಾಯ ಇರುವುದು 3-4 ಕಿ.ಮೀ. ತಪ್ಪಿನಲ್ಲಿ. ಅದನ್ನು ಪತ್ತೆ ಮಾಡಲು ನಮ್ಮ ಭಾಗಕ್ಕೆ ಆಲಮಟ್ಟಿಗಿಂತ ಒಳ್ಳೆಯ ಗುರುತಿಲ್ಲ. ಇಮೇಜರಿನ 1.6 ಮೈಕ್ರಾನ್ ಪಟ್ಟಿಯಲ್ಲಿ ನೀರು ಕಪ್ಪಾಗಿ ಕಾಣುತ್ತದೆ, ನೆಲ ಬೆಳ್ಳಗೆ. ಪಿಕ್ಸೆಲ್ 1 ಕಿ.ಮೀ.ಯದು. ಡಿಸೆಂಬರಿನ ಶುಭ್ರ ಮಧ್ಯಾಹ್ನ ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯ ಕಡೆಗೆ ಚಾಚಿದ ಆಕಾರ ಎದ್ದು ಕಾಣುತ್ತದೆ. ಅದರ ಮೇಲೆ ನಕ್ಷೆಯ ಜಲಾಶಯದ ಗಡಿ ಇಟ್ಟು ನೋಡಿ. ಕೂತರೆ ಸರಿ, ಕೂರದಿದ್ದರೆ ಎಷ್ಟು ಸರಿಯಬೇಕೆಂದು ಅದೇ ಹೇಳುತ್ತದೆ.

ಆದರೆ ನೆಲ ಸರಿಯಾಗಿ ಕೂತ ಮೇಲೂ ಮೋಡ ಸರಿದೇ ಇರುತ್ತದೆ! ಉಪಗ್ರಹ ಸಮಭಾಜಕದ ಮೇಲಿದೆ. ನಾವಿರುವುದು ಉತ್ತರಕ್ಕೆ 16 ಡಿಗ್ರಿಗೂ ಮೇಲೆ. ಅದು ನಮ್ಮನ್ನು ಓರೆಯಾಗಿ ನೋಡುತ್ತದೆ. 74 ಡಿಗ್ರಿಯ ಉಪಗ್ರಹಕ್ಕೆ ಮಹಾಲಿಂಗಪುರದ ನೇರ ನೆತ್ತಿಯಿಂದ ಸುಮಾರು 19 ಡಿಗ್ರಿ ಓರೆ. 12 ಕಿ.ಮೀ. ಎತ್ತರದ ಗುಡುಗುಮೋಡದ ನೆತ್ತಿ ಈ ಓರೆಯಿಂದಾಗಿ ಚಿತ್ರದಲ್ಲಿ ಸುಮಾರು 4 ಕಿ.ಮೀ. ಉತ್ತರಕ್ಕೆ ಬಿದ್ದಂತೆ ಕಾಣುತ್ತದೆ, ಹೆಚ್ಚುಕಡಿಮೆ ಒಂದು ಪಿಕ್ಸೆಲ್. ಮಳೆ ಢವಳೇಶ್ವರದಲ್ಲಿ, ಕೆಂಪು ಚುಕ್ಕೆ ಊರ ಮೇಲೆ. ಹಳೆಯ ತಂತ್ರಾಂಶಗಳು 11 ಕಿ.ಮೀ. ಪಿಕ್ಸೆಲ್ ಕಾಲದಲ್ಲಿ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳಬೇಕಾಗಿಯೂ ಇರಲಿಲ್ಲ. ಈಗ ಬೇಕು. ಮೋಡದ ತಾಪಮಾನದಿಂದ ಎತ್ತರವನ್ನು ಅಂದಾಜು ಮಾಡಿ, ಎತ್ತರದಿಂದ ಸರಿದ ದೂರವನ್ನು ಲೆಕ್ಕ ಹಾಕಿ ಹಿಂದಕ್ಕೆ ತರುವುದು ಹತ್ತಿಪ್ಪತ್ತು ಸಾಲಿನ ಕೋಡ್.

ಬಣ್ಣದ ಕೋಷ್ಟಕ ಯಾರದ್ದು?

ಇಲ್ಲಿಗೆ ಬಂದಾಗ ಎಂಜಿನಿಯರುಗಳು ಸಾಮಾನ್ಯವಾಗಿ, ಇದೇನು ಸೊಗಸಿನ ವಿಷಯ, ಆಮೇಲೆ ನೋಡೋಣ ಎನ್ನುತ್ತಾರೆ. ನನ್ನ ಮಟ್ಟಿಗೆ ಇದೇ ಮುಖ್ಯ.

ಅವಗೆಂಪು ಚಿತ್ರಕ್ಕೆ ಬಣ್ಣ ಹಚ್ಚುವ ಪದ್ಧತಿ ಬೆಳೆದದ್ದು ಬಹುಮಟ್ಟಿಗೆ ಚಂಡಮಾರುತ ಮತ್ತು ಗುಡುಗುಮೋಡಗಳನ್ನು ಕಣ್ಣಮುಂದಿಟ್ಟುಕೊಂಡು. ಎಪ್ಪತ್ತರ ದಶಕದಲ್ಲಿ ವರ್ನನ್ ಡ್ವೊರಾಕ್ ಚಂಡಮಾರುತದ ಬಲವನ್ನು ಚಿತ್ರ ನೋಡಿಯೇ ಅಳೆಯುವ ಪದ್ಧತಿ ರೂಪಿಸಿದರು. ಮುಂದೆ ಅದಕ್ಕೆಂದೇ ಬೂದುಬಣ್ಣದ ಮೆಟ್ಟಿಲುಗಳ ಕೋಷ್ಟಕವೂ ಬಂತು, ಅತಿ ತಣ್ಣನೆಯ ನೆತ್ತಿಗಳನ್ನು ಒಡೆದು ತೋರಿಸುವಂಥದ್ದು. ಮಳೆಯ ಅಂದಾಜಿಗೂ ತಣ್ಣನೆಯ ನೆತ್ತಿಯೇ ಆಧಾರವಾಯಿತು. ಫಿಲಿಪ್ ಆರ್ಕಿನ್ ಹಾಕಿಕೊಟ್ಟ ಹಳೆಯ ಲೆಕ್ಕದಲ್ಲಿ 235 ಕೆಲ್ವಿನ್, ಅಂದರೆ ಸೊನ್ನೆಗಿಂತ 38 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದ ಮೋಡಕ್ಕೆ ಗಂಟೆಗೆ 3 ಮಿ.ಮೀ. ಮಳೆ. ಅದಕ್ಕಿಂತ ಬೆಚ್ಚಗಿದ್ದರೆ ಸೊನ್ನೆ. ದೊಡ್ಡ ದೊಡ್ಡ ಚೌಕಗಳಿಗೆ, ದೀರ್ಘ ಅವಧಿಯ ಸರಾಸರಿಗೆ ಅದು ಚೆನ್ನಾಗಿ ಹೊಂದುವ ಲೆಕ್ಕ.

ಅಂಬೋಲಿಗೆ ಹೊಂದುವುದಿಲ್ಲ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಅಪ್ಪಳಿಸಿ ಮೇಲೇರಿ ಮಳೆಯಾಗುವಾಗ ಮೋಡ ಬಹಳ ಎತ್ತರಕ್ಕೆ ಹೋಗಬೇಕೆಂದಿಲ್ಲ. ನೆತ್ತಿ ತಕ್ಕಮಟ್ಟಿಗೆ ಬೆಚ್ಚಗೇ ಇರುತ್ತದೆ, ಕೆಳಗೆ ಧಾರಾಕಾರ. ಇಂಥ ಬೆಚ್ಚನೆ ಮಳೆಯನ್ನು ಅವಗೆಂಪು ಲೆಕ್ಕ ಕಡಿಮೆ ಅಂದಾಜು ಮಾಡುತ್ತದೆ ಎಂಬುದು ಹವಾಮಾನ ವಿಜ್ಞಾನಿಗಳಿಗೆ ಹಳೆಯ ಸಂಗತಿ. ಆದರೆ ಪರದೆ ನೋಡುವ ರೈತನಿಗೆ ಅದು ಗೊತ್ತಿರುವುದಿಲ್ಲ. ಅವನಿಗೆ ಕಾಣುವುದು, ಏಪ್ರಿಲ್‌ನ ಗುಡುಗುಮೋಡಕ್ಕೆ ಕಡುಗೆಂಪು ಬಣ್ಣ, ಹೊಳೆ ತರುವ ಆಗಸ್ಟ್ ಮೋಡಕ್ಕೆ ಸಪ್ಪೆ ಬೂದು. ಕೋಡಿನಲ್ಲಿ ತಪ್ಪಿಲ್ಲ, ಫೈಲಿನಲ್ಲಿ ತಪ್ಪಿಲ್ಲ. ಬಣ್ಣದ ಕೋಷ್ಟಕ ಬೇರೆಯವರ ಊರಿನದು.

ಪರಿಹಾರ ಒಂದೇ ಏಟಿಗೆ ಸಿಗುವಂಥದ್ದಲ್ಲ. ಬಣ್ಣದ ಕೋಷ್ಟಕವನ್ನು ಕೋಡಿನಿಂದ ಹೊರತೆಗೆದು ಸಾದಾ ಪಠ್ಯದ ಫೈಲಾಗಿಡಿ, ಯಾರು ಬೇಕಾದರೂ ತಿದ್ದುವಂತೆ. ಬೇಸಿಗೆಗೆ ಒಂದು, ಮುಂಗಾರಿಗೆ ಒಂದು ಇರಲಿ. ಮುಂಗಾರಿನ ಕೋಷ್ಟಕದಲ್ಲಿ ಸೊನ್ನೆಯಿಂದ ಮೈನಸ್ 40ರ ನಡುವೆ ಹೆಚ್ಚು ಮೆಟ್ಟಿಲು ಕೊಡಿ. ಜತೆಗೆ ಚಿತ್ರದ ಮೇಲೆ ನೆಲದ ಅಳತೆಯನ್ನೂ ಹಾಕಿ. ಬೆಂಗಳೂರಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದದ್ದು, ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾವೇ ವರದಿ ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ಘಟ್ಟದ ಅಂಚಿನ ಖಾನಾಪುರದ ಮಾಪಕ ಏರುತ್ತಿದ್ದು ಮೇಲಿನ ಮೋಡ ಬೂದಾಗಿದ್ದರೆ, ನಂಬಬೇಕಾದದ್ದು ಮಾಪಕವನ್ನು. ಆದರೆ ಘಟಪ್ರಭೆಯ ಮೂಲ ಮಹಾರಾಷ್ಟ್ರದಲ್ಲಿ, ಅಲ್ಲಿಗೆ ನಮ್ಮ ಮಾಪಕ ಇಲ್ಲ. ಆ ಕಡೆಗೆ ಮೈಕ್ರೊವೇವ್ ಉಪಗ್ರಹಗಳನ್ನು ಬೆರೆಸಿ ತಯಾರಿಸುವ ಜಾಗತಿಕ ಮಳೆ ಅಂದಾಜು, ಉದಾಹರಣೆಗೆ ನಾಸಾದ ಐಮರ್ಜ್, ಸ್ವಲ್ಪ ನೆರವಾಗುತ್ತದೆ. ಮೈಕ್ರೊವೇವ್ ಮೋಡದ ನೆತ್ತಿಗೇ ನಿಲ್ಲದೆ ಒಳಗಿನ ಹನಿಗಳನ್ನೂ ತಟ್ಟುತ್ತದೆ. ಆದರೆ ಅದು ಕೈಸೇರುವಾಗ ಕೆಲವು ಗಂಟೆ ಕಳೆದಿರುತ್ತವೆ.

ಮೊಬೈಲಿಗೆ ತಲುಪಿಸುವುದು

ಪೂರ್ತಿ ಬಿಲ್ಲೆಯ ಅವಗೆಂಪು ಚಿತ್ರ ಹೆಚ್ಚುಕಡಿಮೆ 2,800ಕ್ಕೆ 2,800 ಪಿಕ್ಸೆಲ್. ಎರಡೆರಡು ಬೈಟಿನಂತೆ 16 ಎಂಬಿ ಹತ್ತಿರ. ಹಳೆಯ ತಂತ್ರಾಂಶ ಇಡೀ ಬಿಲ್ಲೆಯನ್ನು ಓದಿ, ಚಿತ್ರ ಬಿಡಿಸಿ, ಜೆಪೆಗ್ ಮಾಡಿ ಕಳಿಸುತ್ತಿತ್ತು. ಹಿಂದೆ ಆ ಚಿತ್ರಗಳನ್ನು ಚಲಿಸುವಂತೆ ತೋರಿಸಲು ಜಾವಾ ಆಪ್ಲೆಟ್ ಇರುತ್ತಿತ್ತು. ಇಂದಿನ ಬ್ರೌಸರುಗಳು ಅದನ್ನು ತೆರೆಯುವುದೇ ಇಲ್ಲ. ಹಲವು ಹಳೆಯ ಪುಟಗಳು ಸತ್ತದ್ದು ದತ್ತಾಂಶ ನಿಂತು ಅಲ್ಲ, ಆಪ್ಲೆಟ್ ನಿಂತು.

ನಮಗೆ ಬೇಕಾದದ್ದು ಕೊಂಕಣದ ಕಡಲಿನಿಂದ ರಾಯಚೂರಿನ ಆಚೆ ತನಕ: ಅಕ್ಷಾಂಶ 14ರಿಂದ 19, ರೇಖಾಂಶ 72ರಿಂದ 78. 4 ಕಿ.ಮೀ. ಲೆಕ್ಕದಲ್ಲಿ ಸುಮಾರು 140ಕ್ಕೆ 160 ಪಿಕ್ಸೆಲ್, ಒಟ್ಟು 45 ಕಿಲೋಬೈಟ್. ಸಂಕುಚಿಸಿದರೆ ಇನ್ನೂ ಕಡಿಮೆ. ಚಿತ್ರದ ಬದಲು ಈ ಸಂಖ್ಯೆಗಳನ್ನೇ ಫೋನಿಗೆ ಕಳಿಸಿ, ಬಣ್ಣವನ್ನು ಫೋನೇ ಹಚ್ಚಲಿ. ಆರು ಗಂಟೆಯ ಚಲನಚಿತ್ರಕ್ಕೆ ಅರ್ಧ ಗಂಟೆಗೊಂದರಂತೆ 12 ಚೌಕಟ್ಟು, ಒಟ್ಟು ಅರ್ಧ ಎಂಬಿ. ನೆಟ್‌ವರ್ಕ್ ಕುಂಟುವ ಹೊಲದಲ್ಲೂ ಇಳಿಯುತ್ತದೆ. ಬೇಸಿಗೆ-ಮುಂಗಾರು ಕೋಷ್ಟಕ ಬದಲಿಸಲು ಮತ್ತೆ ಇಳಿಸಿಕೊಳ್ಳಬೇಕಿಲ್ಲ. ಬೆರಳಿಟ್ಟ ಕಡೆ ಎಷ್ಟು ಡಿಗ್ರಿ ಎಂದು ತೋರಿಸಲೂ ಬರುತ್ತದೆ.

ನಕ್ಷೆಯ ಮೇಲೆ ಚೌಕಗಳಾಗಿ ಹರಡುವ ಟೈಲ್ ಪದ್ಧತಿ ಬೇಕೇ ಬೇಕು ಎನ್ನುವವರು ಒಂದು ಲೆಕ್ಕ ನೆನಪಿಡಿ. ಆ ಪದ್ಧತಿಯ 6ನೆಯ ಜೂಮ್ ಮಟ್ಟದಲ್ಲಿ ಒಂದು ಪರದೆ ಪಿಕ್ಸೆಲ್ ನಮ್ಮಲ್ಲಿ ಸುಮಾರು 2.3 ಕಿ.ಮೀ. 4 ಕಿ.ಮೀ. ದತ್ತಾಂಶಕ್ಕೆ ಅಷ್ಟು ಸಾಕು. 12ನೆಯ ಮಟ್ಟದ ತನಕ ಟೈಲ್ ಕಡಿದಿಟ್ಟರೆ ಡಿಸ್ಕ್ ತುಂಬುತ್ತದೆ. ಅದಕ್ಕಿಂತ ಕೆಟ್ಟದ್ದು, ನೋಡುವವರಿಗೆ ತಮ್ಮ ಹೊಲದ ಮೇಲಿನ ಮೋಡವೇ ಕಾಣುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಪಿಕ್ಸೆಲ್‌ನ ಚೌಕವನ್ನು ಮೃದುಗೊಳಿಸದೆ, ಚೌಕವಾಗಿಯೇ ತೋರಿಸುವುದು ಪ್ರಾಮಾಣಿಕ.

ಒಳಗಿನ ಲೆಕ್ಕಕ್ಕೆ ಏನನ್ನೂ ಮೊದಲಿನಿಂದ ಬರೆಯಬೇಕಾಗಿಲ್ಲ. ಸ್ವೀಡನ್ ಮತ್ತು ಡೆನ್ಮಾರ್ಕ್ ಹವಾಮಾನ ಸಂಸ್ಥೆಗಳವರು 2009ರಲ್ಲಿ ಶುರು ಮಾಡಿದ ಪೈಟ್ರೋಲ್ ಯೋಜನೆಯ ಸ್ಯಾಟ್‌ಪೈ ಎಂಬ ಪೈಥಾನ್ ಗ್ರಂಥಾಲಯ ಉಚಿತ, ಅದರಲ್ಲಿ ಇನ್ಸಾಟ್-3ಡಿ ಇಮೇಜರ್ ಫೈಲು ಓದುವ ಭಾಗವೂ ಇದೆ. ಹಳೆಯ ತಂತ್ರಾಂಶದ ಫೋರ್ಟ್ರಾನ್ ಲೆಕ್ಕಗಳು ಪರೀಕ್ಷೆಯಲ್ಲಿ ಸರಿ ಬಂದರೆ ಅವನ್ನೂ ಹಾಗೇ ಇಡಿ. ಪೈಥಾನ್‌ನಿಂದ ಫೋರ್ಟ್ರಾನ್ ಕರೆಯಲು ಎಫ್‌ಟುಪೈ ಇದೆ. ಭಾಷೆ ಹಳೆಯದೆಂಬ ಒಂದೇ ಕಾರಣಕ್ಕೆ ಸರಿಯಾಗಿರುವ ಲೆಕ್ಕವನ್ನು ಮತ್ತೆ ಬರೆಯುವವರು ಹೊಸ ತಪ್ಪುಗಳನ್ನು ಸಂಬಳ ಕೊಟ್ಟು ತರಿಸಿಕೊಳ್ಳುತ್ತಾರೆ. ಹವಾಮಾನ ಮುನ್ಸೂಚನೆಗೆ ಜಗತ್ತಿನಾದ್ಯಂತ ಬಳಸುವ ಡಬ್ಲ್ಯುಆರ್‌ಎಫ್ ಮಾದರಿ ಇಂದಿಗೂ ಫೋರ್ಟ್ರಾನ್‌ನಲ್ಲೇ ಇದೆ.

ಹಳೆಯದನ್ನು ಯಾವಾಗ ನಿಲ್ಲಿಸಬೇಕು? ಎರಡೂ ಪಕ್ಕಪಕ್ಕದಲ್ಲಿ ರೋಹಿಣಿಯಿಂದ ಸ್ವಾತಿಯ ತನಕ ಒಂದು ಇಡೀ ಮಳೆಗಾಲ, ಆಮೇಲೆ ಅರಿಸಿನ ಒಣಗಿಸುವ ಒಂದು ಬೇಸಿಗೆ ಓಡಲಿ. ವ್ಯತ್ಯಾಸ ಬಂದ ಪ್ರತಿ ದಿನಕ್ಕೂ ಕಾರಣ ಬರೆದಿಟ್ಟ ಮೇಲೆ ಹಳೆಯ ಯಂತ್ರದ ಡಿಸ್ಕನ್ನು ಪೂರ್ತಿಯಾಗಿ ನಕಲು ಮಾಡಿ, ಹೊಸ ಯಂತ್ರದೊಳಗೆ ವರ್ಚುವಲ್ ಮಷೀನಾಗಿ ಎದ್ದು ಓಡುತ್ತದೆಯೇ ಎಂದು ಪರೀಕ್ಷಿಸಿ. ಓಡಿದರೆ ಹಳೆಯದರ ಪ್ಲಗ್ ಕೀಳಬಹುದು. ನಕಲಿನ ಜತೆಗೇ ಅದರ ಪಾಸ್‌ವರ್ಡನ್ನೂ ಬರೆದಿಡಿ.